ಕಿವಿಯ ಹಿಂದಿನ ಕೆಂಪು ಧೂಳು

ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಮಿಲ್ಲಿತ್ತು. ಕಾಲುವೆ ನೀರು ಬಂದು ಸುತ್ತಲೂ ಭತ್ತವಾದ ಮೇಲೆ ಅಪ್ಪ ಹಾಕಿಸಿದ್ದು. ಅಮಾವಾಸ್ಯೆಗೆ ಮಿಷನ್ನಿಗೆ ಪೂಜೆ ಮಾಡಿ ಕಾಯಿ ಒಡೆದರೆ ಆಯಿತು, ಆ ದಿನ ಮಿಲ್ ಬಂದ್, ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಹಾಗಾಗಿ ಎಂಬತ್ತರ ದಶಕದಲ್ಲಿ, ಮೂವತ್ತು ದಾಟಿದ ನಾನು ತಿಂಗಳಿಡೀ ಕಾಯುತ್ತಿದ್ದದ್ದು ಅಮಾವಾಸ್ಯೆಗೆ. ಅವತ್ತು ನನ್ನ ಗೆಳೆಯ ಬರುತ್ತಿದ್ದ. ಅವನು ನನ್ನ ಓರಗೆಯವನು, ಸಂಡೂರಿನ ಗಣಿಯೊಂದರ ಆಫೀಸಿನಲ್ಲಿ ಗುಮಾಸ್ತ. ಹೊಸಪೇಟೆಯಲ್ಲಿ ಬಸ್ ಬದಲಿಸಿ ಬಂದು, ಕಾಲುವೆಯಲ್ಲಿ ಮಿಂದು, ಇಸ್ತ್ರಿ ಅಂಗಿ ತೊಟ್ಟು ಮಿಲ್ಲಿನ ಅಟ್ಟ ಹತ್ತುತ್ತಿದ್ದ. ಅಷ್ಟರಲ್ಲಿ ನಾನು ಕಿಟಕಿ ಮುಚ್ಚಿ, ಸಂದಿಗೆಲ್ಲ ಗೋಣಿಚೀಲ ತುರುಕಿರುತ್ತಿದ್ದೆ. ಪಕ್ಕದ ಮನೆಯಾಕೆಗೆ ಮಾಳಿಗೆ ಮೇಲೆ ಸದಾ ಏನಾದರೊಂದು ಕೆಲಸ. ಆಕೆ ಹಪ್ಪಳ ಒಣಗಿಸಲು ಬರುವುದಲ್ಲ, ನಮ್ಮ ಅಟ್ಟ ಕಾಯಲು ಬರುವುದೆಂದೇ ನನ್ನ ಗುಮಾನಿ. ನಾವಿಬ್ಬರೂ ಒಬ್ಬರನ್ನೊಬ್ಬರು ಬಲ್ಲದ್ದೆಲ್ಲ ಕತ್ತಲಲ್ಲೇ.

ಒಂದು ಅಮಾವಾಸ್ಯೆಗೆ ಅವನು ಕತೆ ಬರೆದು ತಂದ. ಇಬ್ಬರು ಗಂಡಸರ ಪ್ರೀತಿಯ ಕತೆ.

"ನಮ್ದ ಐತಿ. ನಿನ್ ಬಿಟ್ಟು ಯಾರಿಗೂ ತೋರ್ಸಂಗಿಲ್ಲ" ಅಂದ.

ಓದಲು ಬೆಳಕು ಬೇಕೆಂದು ಗೋಣಿಚೀಲ ಕಿತ್ತು ಕಿಟಕಿಯನ್ನು ಗೇಣಗಲ ತೆರೆದ. ನಾನು ಹಲ್ಲು ಕಚ್ಚಿ ಕೂತೆ. ಮೊದಲ ಪುಟದ ಗಂಡಸು ಸಾಕ್ಷಾತ್ ನಾನೇ. ಮೈಯೆಲ್ಲ ತೌಡು, ಮೂಗಿನ ತುದಿಯಲ್ಲಿ ಸಿಟ್ಟು. ಕೇಳುತ್ತ ಕೇಳುತ್ತ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮುಂದಿನ ಪುಟದಲ್ಲಿ ಆ ಗಂಡಸಿನ ಅಂಗಿ ಕಳಚಿತು. ಕಿವಿಯ ಹಿಂದೆ ಕುಂಕುಮ ಸವರಿದಂಥ ಕೆಂಪು ಧೂಳು ಕಂಡು ಗೆಳೆಯ ಅಲ್ಲಿಗೆ ಮುತ್ತಿಟ್ಟ. ಎಡ ಭುಜದ ಕರಿ ಮಚ್ಚೆಗೂ ಇಟ್ಟ.

ನನ್ನ ಖುಷಿ ಅಲ್ಲಿಗೇ ನಿಂತಿತು. ನನ್ನ ಭುಜದಲ್ಲಿ ಮಚ್ಚೆಯಿಲ್ಲ. ಅಕ್ಕಿ ಮಿಲ್ಲಿನವನ ಕಿವಿಗೆ ಕೆಂಪು ಧೂಳು ಎಲ್ಲಿಂದ ಬರಬೇಕು? ಅದು ಸಂಡೂರಿನ ಅದಿರಿನ ಬಣ್ಣ.

"ಯಾರಲೇ ಅವ?"

"ಯಾವ?"

"ಎರಡ್ನೇ ಪುಟದಾಗ ಅಂಗಿ ಬಿಚ್ಚಿದಾವ."

"ನೀನ" ಎಂದು ನಕ್ಕ.

ಆ ನಗು ಉರಿಯುವ ಒಲೆಗೆ ಎಣ್ಣೆ ಹೊಯ್ದಂತಾಯಿತು. ಅದಿರು ಲಾರಿಯ ಡ್ರೈವರೊಬ್ಬನನ್ನು "ಭಾಳ ಮಸ್ತ್ ಮನುಷ್ಯಾ" ಎಂದು ಅವನು ಹೊಗಳಿದ್ದು ನೆನಪಾಯಿತು. ಹಿಂದಿನ ತಿಂಗಳು ಬಸ್ ತಪ್ಪಿತೆಂದು ತಡವಾಗಿ ಬಂದಿದ್ದ. ಬಸ್ಸೋ, ಲಾರಿಯೋ?

"ಅವನ ಹೆಸರು ಹೇಳು. ಇಲ್ಲಾಂದ್ರ ಮುಂದಿನ ಅಮಾಸಿಗೆ ಬರಬ್ಯಾಡ" ಅಂದೆ. ಹೇಳಿದ ಮೇಲೆ ಹೊಳೆಯಿತು: ಅವನು ಬರದಿದ್ದರೆ ನನಗೆ ಯಾವ ಅಮಾವಾಸ್ಯೆಯೂ ಇರಲಿಲ್ಲ.

ಅವನ ನಗು ಆರಿತು. ಎದ್ದು ಅಂಗಿ ಬಿಚ್ಚಿ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಂತ. ಎಡ ಭುಜದಲ್ಲಿ ಕರಿ ಮಚ್ಚೆ. ಕಿವಿಯ ಹಿಂದೆ, ಅಷ್ಟು ಮಿಂದರೂ ಹೋಗದ ಕೆಂಪು.

"ನಿನ್ ಮೈ ನಾ ಎಂದರ ನೋಡೀನೇನು?" ಅಂದ, ತಿರುಗದೆ. "ಬೆಳಕು ಬರಾಕ ಬಿಟ್ಟಿಯೇನು? ಅಂಗಿ ಬಿಚ್ಚೂತನಕ ನಿನ್ನ ಬರದೆ. ಮುಂದ ಗೊತ್ತಿರಲಿಲ್ಲ, ನಂದ ಬರದೆ."

ಅವನು ಅಂಗಿಗೆ ಕೈ ಹಾಕಿದ. ಹೊರಟನೆಂದು ಗಾಬರಿಯಾಯಿತು. ಆಚೆ ಮಾಳಿಗೆಯ ಮೇಲೆ ಬಳೆ ಸದ್ದು ಕೇಳಿಸುತ್ತಿತ್ತು. ನಾನು ದಡಬಡ ಅಂಗಿ ಕಿತ್ತೆಸೆದು ಅವನ ಮುಂದೆ ಬೆಳಕಿನಲ್ಲಿ ನಿಂತೆ.

"ನೋಡು. ಜಲ್ದಿ ನೋಡು" ಅಂದೆ, ಒಂದು ಕಣ್ಣು ಕಿಟಕಿಯ ಮೇಲಿಟ್ಟು.

ಅವನು ಜಲ್ದಿ ಮಾಡಲಿಲ್ಲ.