ಅಂಗಾತ ಬಿದ್ದು ಗೆಲ್ಲುವ ವರಸೆ

ಬೆನ್ನು ನೆಲಕ್ಕೆ ತಾಗುವ ಗಳಿಗೆ ಮನುಷ್ಯನಾಗಿ ಹುಟ್ಟಿದ ಪ್ರತಿಯೊಬ್ಬನಿಗೂ ಬರುತ್ತದೆ. ಧೀರನಾದವನು ಅದನ್ನು ಘನತೆಯಿಂದ ಎದುರಿಸಬೇಕು. ನಮ್ಮ ತಿಪಟೂರು ಸೀಮೆಯಲ್ಲಿ ಮಧ್ಯಾಹ್ನ ಮುದ್ದೆ ಉಂಡ ಮೇಲೆ ಎಲ್ಲರೂ ಅದನ್ನು ದಿನಾ ಎದುರಿಸುತ್ತಿದ್ದರು.

ಗರಡಿಯಲ್ಲಿ ಮಾತ್ರ ಅದು ಸಾವಿಗೆ ಸಮ. ಎರಡೂ ಭುಜ ಮಣ್ಣಿಗೆ ತಾಗಿದವೋ, ಕುಸ್ತಿ ಮುಗಿಯಿತು. ಗೆದ್ದವನು ಕೈಬಿಟ್ಟು, ಉಸ್ತಾದರ ಕಡೆ ಮುಖ ಮಾಡಿ, ಬಗ್ಗಿ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳಬೇಕು. ಬಿದ್ದವನು ಒದ್ದಾಡಬಾರದು, ಒದ್ದಾಡಿದರೆ ಮಾನಗೇಡಿ. ನಾನೂ ನನ್ನ ಓರಗೆಯ ದೊಡ್ಡಪ್ಪನ ಮಗನೂ ಅರಳಗುಪ್ಪೆ ಕಡೆಯ ನಮ್ಮೂರ ಗರಡಿಯಲ್ಲಿ ಈ ಶಾಸ್ತ್ರವನ್ನು ಒಟ್ಟಿಗೇ ಕಲಿತೆವು. ಅವನು ಗೆಲ್ಲುವ ಅಧ್ಯಾಯವನ್ನು, ನಾನು ಬೀಳುವುದನ್ನು.

ಎಪ್ಪತ್ತರ ದಶಕದ ಕೊನೆಗೆ ಇಬ್ಬರೂ ತಿಪಟೂರಿನಲ್ಲಿ ಕಾಲೇಜು ಸೇರಿದೆವು. ಅಲ್ಲಿಯ ವ್ಯಾಯಾಮದ ಮೇಷ್ಟ್ರು ಯಾವುದೋ ಶಿಬಿರಕ್ಕೆ ಹೋಗಿ ಜೂಡೊ ಕಲಿತು ಬಂದಿದ್ದರು. ತೆಂಗಿನ ನಾರು ದಪ್ಪಗೆ ಹರಡಿ ಮೇಲೆ ಟಾರ್ಪಾಲು ಬಿಗಿದರೆ ಅದೇ ಜಪಾನು. ತುಮಕೂರಿನ ಪಂದ್ಯಕ್ಕೆ ಒಬ್ಬನನ್ನೇ ಕಳಿಸುವುದು, ಯಾರೆಂಬುದು ನಿಮ್ಮಿಬ್ಬರಲ್ಲೇ ತೀರ್ಮಾನವಾಗಲಿ ಎಂದರು. ಯಾರೆಂದು ಊರಿಗೆಲ್ಲ ಆಗಲೇ ಗೊತ್ತಿತ್ತು. ಹುಟ್ಟಿದ್ದಕ್ಕೆ ಒಂದು ಸಲವಾದರೂ ಅವನನ್ನು ಸೋಲಿಸಿ ಆ ಬಸ್ಸು ಹತ್ತಬೇಕೆಂಬ ಹಟ ನನ್ನದು.

ಒಂದು ಸಂಜೆ ಮೇಷ್ಟ್ರು ಬೇಕೆಂದೇ ಅಂಗಾತ ಮಲಗಿದರು. ಎದುರು ನಿಂತವನ ಅಂಗಿಯ ಎರಡು ತೋಳು ಹಿಡಿಯಬೇಕು, ಎರಡು ಅಂಗಾಲು ಅವನ ಸೊಂಟಕ್ಕೆ ಕೊಟ್ಟು ಕಾಯಬೇಕು. ಅವನು ಬಗ್ಗಿ ಭಾರ ಅಂಗಾಲಿಗೆ ಬಂತೋ, ತೋಳು ಎಳೆದು ಕಾಲು ಚಾಚುವುದು. ಆದರೆ ಮಲಗಿ ಎಸೆದದ್ದಕ್ಕೆ ಅಂಕವಿಲ್ಲ. ಜೊತೆಗೇ ಉರುಳಿ ಮೇಲೆ ಬಂದು, ಮೇಷ್ಟ್ರು ಎಣಿಸಿ ಮುಗಿಸುವ ತನಕ ಅದುಮಿ ಹಿಡಿಯಬೇಕು.

"ಬೀಳೋದನ್ನೂ ಕಾಲೇಜಲ್ಲಿ ಕಲೀಬೇಕೇನ್ಲಾ?" ಎಂದು ದೊಡ್ಡಪ್ಪನ ಮಗ ಕಾಫಿಗೆ ಹೋದ. ನೆಲದ ಪಾಠವಿದ್ದ ದಿನವೆಲ್ಲ ಅವನಿಗೆ ಕಾಫಿ.

ನನ್ನ ಸರದಿಗೆ ಮೇಷ್ಟ್ರೇ ನನ್ನ ಮೇಲೆ ಬಗ್ಗಿದರು. ಎಳೆದೆ, ಚಾಚಿದೆ. ಅಷ್ಟು ದಪ್ಪ ಮನುಷ್ಯ ಒಣಗಿದ ಗರಿಯಷ್ಟು ಹಗುರಾಗಿ ನನ್ನ ತಲೆಯ ಮೇಲಿಂದ ದಾಟಿ ಆಚೆ ಬಿದ್ದರು. ಇಷ್ಟು ವರ್ಷ ನಾನು ಬಿದ್ದದ್ದೆಲ್ಲ ಅಭ್ಯಾಸವೇ ಆಗಿತ್ತಲ್ಲ! ಸೈಕಲ್ಲು ತುಳಿದು ಊರಿಗೆ ಹೋಗುವಾಗ ಪೆಡಲ್ಲಿನ ಮೇಲಿದ್ದ ಅಂಗಾಲು ನನ್ನವೇ ಎಂದು ನಂಬಿಕೆ ಬರಲಿಲ್ಲ.

ಆಮೇಲೆ ನಮ್ಮ ತೆಂಗಿನ ತೋಟವೇ ಗರಡಿ. ಮರಕ್ಕೆ ಹಗ್ಗ ಸುತ್ತಿ ತುದಿಗಳನ್ನು ತೋಳೆಂದು ಹಿಡಿದು, ಬೊಡ್ಡೆಗೆ ಅಂಗಾಲು ಕೊಟ್ಟು ಮಲಗುತ್ತಿದ್ದೆ. ಬಲಿತ ಕಾಯಿಯ ಕೆಳಗೆ ಹಾಗೆ ಮಲಗುವುದಕ್ಕೆ ಧೈರ್ಯ ಬೇಕು, ಬುದ್ಧಿ ಇರಬಾರದು. ಅವ್ವ ನೋಡಿ, ಮರ ಹತ್ತಲು ಹೋಗಿ ಬಿದ್ದೆಯಾ ಎಂದಳು. ಇಲ್ಲ, ಮರವನ್ನೇ ಬೀಳಿಸುತ್ತಿದ್ದೇನೆ ಎಂದೆ. ಅವತ್ತು ಸಂಜೆ ನನಗೆ ದೃಷ್ಟಿ ತೆಗೆದರು.

ನಮ್ಮಿಬ್ಬರ ಪಂದ್ಯದ ದಿನ ಉಸ್ತಾದರೂ ಊರಿಂದ ಬಂದು ಟಾರ್ಪಾಲಿನ ಅಂಚಿಗೆ ಕೂತರು. ನಾನು ಅವರಿಗೆ ಬೆನ್ನು ಮಾಡಿ ನಿಂತೆ. ಶುರುವಾದದ್ದೇ ತಡ, ಎದುರಾಳಿಯ ಅಂಗಿಯ ಎರಡು ತೋಳು ಹಿಡಿದು, ಅಂಗಾಲು ಅವನ ಸೊಂಟಕ್ಕೆ ಕೊಟ್ಟು ಅಂಗಾತ ಮಲಗಿದೆ. ಉಸ್ತಾದರು ಅಯ್ಯೋ ಎಂದದ್ದು ಕೇಳಿಸಿತು.

ದೊಡ್ಡಪ್ಪನ ಮಗ ಕೈಬಿಟ್ಟ. ನನ್ನ ತಲೆಯಾಚೆ ಕೂತಿದ್ದ ಉಸ್ತಾದರನ್ನು ಭಕ್ತಿಯಿಂದ ನೋಡಿದ. ಆಮೇಲೆ, ಮಣ್ಣಿಲ್ಲದ ಟಾರ್ಪಾಲಿನಲ್ಲಿ ಮಣ್ಣು ಮುಟ್ಟಲು ಬಗ್ಗಿದ.

ಅವನ ಭಾರವೆಲ್ಲ ಅಂಗಾಲಿಗೆ ಬಂತು. ಎಳೆದೆ, ಚಾಚಿದೆ. ಅವನು ದಾಟಿ ಹೋಗಿ ಉಸ್ತಾದರ ಕಾಲ ಬಳಿ ಧೊಪ್ಪೆಂದ. ಉರುಳಿ ಎದೆಯ ಮೇಲೆ ಬಿದ್ದು ಹಿಡಿದೆ. ಅವನು ಒಮ್ಮೆ ಮೈ ಕೊಡವಿದ್ದರೆ ನಾನು ತುರುವೇಕೆರೆಗೆ ಹೋಗಿ ಬೀಳುತ್ತಿದ್ದೆ. ಆದರೆ ಭುಜ ತಾಗಿತ್ತು; ಮಾನವಂತ, ಅಲ್ಲಾಡಲಿಲ್ಲ.

"ಬಿದ್ದಾಯ್ತಲ್ಲಾ, ಏಳ್ಲಾ ಮ್ಯಾಕೆ," ಎಂದ.

"ಇನ್ನೂ ಎಣಿಸ್ತಾವ್ರೆ ಕಣ್ಲಾ, ಸುಮ್ಕಿರು."

ಸುಮ್ಮನಿದ್ದ. ಮೇಷ್ಟ್ರು ಎಣಿಸಿ ಮುಗಿಸಿದರು. ಮೊದಲು ಬಿದ್ದವನು ಯಾರು ಸ್ವಾಮಿ ಎಂದು ಉಸ್ತಾದರು ಕೇಳಿದರು. ಮೇಷ್ಟ್ರು ನನ್ನನ್ನು ತೋರಿಸಿದರು. ಗೆದ್ದವನು ಯಾರು ಎಂದರು. ಮೇಷ್ಟ್ರು ಮತ್ತೆ ನನ್ನನ್ನೇ ತೋರಿಸಿದರು. ಉಸ್ತಾದರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ತುಮಕೂರಿಗೆ ನಾನು ಹೋದೆ.