ಬೇಲೆಕೇರಿಯ ಲಿಲಾವು ಮತ್ತು ಜಯಂತಕ್ಕನ ದವಡೆ

ದೋಣಿಗಳು ಬಂದು ನಿಲ್ಲುವ ಬೇಲೆಕೇರಿ ಧಕ್ಕೆಯ ಮೇಲೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೊದಲ ದೋಣಿಯ ಬಂಗಡೆ ನೆಲಕ್ಕೆ ಸುರಿದಿದೆ. ಕೊಳ್ಳುವವರು ಸುತ್ತ ನೆರೆದಿದ್ದಾರೆ, ಕಾಗೆಗಳ ಗಲಾಟೆ ಬೇರೆ. ಅಷ್ಟು ಜನರ ನಡುವೆ ಜಯಂತಿ ಹರಿಕಂತ್ರ ಒಬ್ಬರೇ ಮೀನಿನ ಕಡೆ ನೋಡುತ್ತಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ, ಅದನ್ನು ಬಲಗಿವಿಯ ಮುಂದೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಾರೆ. ಆಮೇಲೆ ಬಾಟಲಿ ಕೆಳಗಿಟ್ಟು, ಎಡಗೈಯನ್ನು ಗದ್ದಕ್ಕೆ ಆನಿಸಿ, ಬಾಯಿಯನ್ನು ಎರಡು ಬೆರಳಷ್ಟು ಮಾತ್ರ ತೆರೆದು ಕೂಗು ಶುರು ಮಾಡುತ್ತಾರೆ.

"ಏಳ್ನೂರು, ಏಳ್ನೂರು, ಏಳೂವರೆ, ಏಳೂವರೆಗೆ ಯಾರು, ಎಂಟು..."

ಪಕ್ಕದಲ್ಲೇ ನಿಂತರೆ ಕೂಗಿನ ಸಂಗಡ ಇನ್ನೊಂದು ಸದ್ದು ಕೇಳುತ್ತದೆ. ಕಟ್, ಕಟ್. ಯಾರೋ ಪೆನ್ನು ಒತ್ತಿ ಆಡುತ್ತಿದ್ದಾರೆ ಅಂದುಕೊಂಡು, ಪತ್ರಿಕೆಗೆ ಬರೆಯಲು ಬಂದ ನಾನು ತಿರುಗಿಯೂ ನೋಡಿದೆ. ಅದು ಜಯಂತಿಯವರ ದವಡೆಯ ಕೀಲಿನ ಸದ್ದು.

ದೋಣಿಯವರು ತಂದ ಮೀನಿಗೆ ಲಿಲಾವು, ಅಂದರೆ ಹರಾಜು, ಕೂಗುವುದು ಇವರ ಕೆಲಸ. ಅತ್ತೆ ಕೂಗುತ್ತಿದ್ದರು, ಅವರ ಗಂಟಲು ಸೋತ ಮೇಲೆ ಸೊಸೆ ನಿಂತರು. ಗಂಡ ಮಾದೇವ ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕಿದ್ದವರು. ಅದಿರಿನ ಸಾಗಣೆ ನಿಂತ ಮೇಲೆ ಆ ಕೆಲಸವೂ ಹೋಯಿತು. ಅಲ್ಲಿಂದೀಚೆಗೆ ಮನೆ ನಡೆದದ್ದು ಜಯಂತಿಯವರ ಬಾಯಿಯಿಂದಲೇ. ಈಗ ಆ ಬಾಯಿ ಕೈಕೊಡುತ್ತಿದೆ. ಈ ಧಕ್ಕೆಯ ಕೂಗು ತನ್ನ ಪಾಲಿಗೆ ಉಳಿಯುತ್ತದೋ ಇಲ್ಲವೋ ಎಂಬ ಒಂದೇ ಚಿಂತೆ ಅವರನ್ನು ತಿನ್ನುತ್ತಿದೆ.

"ಬೇರೆ ಎಂತ ಬತ್ತದೆ ನಂಗೆ? ಬುಟ್ಟಿ ಹೊತ್ಕಂಡು ಊರೂರು ತಿರ್ಗೂಕೆ ಮೊಣಕಾಲು ಕೇಳೂದಿಲ್ಲ. ಇದೊಂದೇ ಇತ್ತು," ಅನ್ನುತ್ತಾರೆ. ಒಂದೊಂದು ಮಾತನ್ನೂ ಹಲ್ಲಿನ ಸಂದಿಯಿಂದ ಜಾರಿಸಿದ ಹಾಗೆ ಆಡುತ್ತಾರೆ.

ಬೇಲೆಕೇರಿಯ ಲಿಲಾವಿಗೆ ಒಂದು ಕಟ್ಟುನಿಟ್ಟಿನ ರೂಢಿಯಿದೆ. ಇಲ್ಲಿ ಬಡಿಯುವ ಸುತ್ತಿಗೆಯಿಲ್ಲ, ಬಾರಿಸುವ ಗಂಟೆಯಿಲ್ಲ. ಕೂಗು ನಿಂತಿತೆಂದರೆ ಮಾಲು ಹೋಯಿತು. ಕೊನೆಗೆ ಕೂಗಿದ್ದು ಯಾರ ದರವೋ, ಮೀನು ಅವರದು. ಆಮೇಲೆ ಬ್ರಹ್ಮನೇ ಬಂದರೂ ಬದಲಿಲ್ಲ. ಹಾಗಾಗಿ ಕೂಗುವವರು ನಡುವೆ ಕೆಮ್ಮುವಂತಿಲ್ಲ, ಉಗುಳು ನುಂಗುವಂತಿಲ್ಲ. ಈ ವಿಷಯದಲ್ಲಿ ಜಯಂತಿಯವರಷ್ಟು ಖಡಕ್ ಮನುಷ್ಯರು ಇನ್ನೊಬ್ಬರಿರಲಿಲ್ಲ. ತಡವಾಗಿ ಕೈ ಎತ್ತಿದವರಿಗೆ ಮುಖಕ್ಕೆ ಹೊಡೆದ ಹಾಗೆ "ಆತು, ಹೋತು, ನಡಿ" ಅನ್ನುತ್ತಿದ್ದರಂತೆ.

ಹೋದ ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿದ ಹೊಸತರಲ್ಲಿ ಭಾಸ್ಕರ ಎಂಬ ದೋಣಿಯವನಿಗೆ ಒಳ್ಳೆ ಬೆಲೆಯ ಇಸ್ವಾಣ ಮೀನಿನ ರಾಶಿಯೇ ಸಿಕ್ಕಿತು. ದೋಣಿಯವರ ಮುಖದಲ್ಲಿ ಹಬ್ಬ. ಜಯಂತಿಯವರಿಗೂ ಹುಮ್ಮಸ್ಸು. ಕೂಗು ಶುರುವಾಯಿತು. ದರ ಇನ್ನೂ ಅರ್ಧದಷ್ಟೂ ಏರಿರಲಿಲ್ಲ, ಅಷ್ಟರಲ್ಲಿ ದೊಡ್ಡದಾಗಿ ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಮುಚ್ಚಲು ಬರಲಿಲ್ಲ. ಯಾರೋ ತಮಾಷೆ ಅಂದುಕೊಂಡು, "ಎಂತ ಜಯಂತಕ್ಕ, ನೊಣ ಹಿಡೀತ್ಯ?" ಅಂದರು. ನಾಲ್ಕು ಜನ ನಕ್ಕರು. ಕೊನೆಯ ದರ ಅಂಕೋಲೆಯ ವ್ಯಾಪಾರಿ ವಿನೋದನದು. ಆತ ಮುಂದೆ ಬಂದು ರಾಶಿಯ ಮೇಲೆ ಕೈಯಿಟ್ಟ. ಜಯಂತಿ ಎರಡೂ ಕೈ ಬೀಸಿ ಬೇಡ ಬೇಡ ಅಂದರು. ಬಾಯಿಂದ ಬಂದದ್ದು ಬರೀ "ಆ... ಆ".

"ಕೂಗು ನಿಂತದೆ ಅಕ್ಕ. ರೂಢಿ ನಿಮ್ದೇ," ಅಂದ ವಿನೋದ. ಯಾರೂ ಎದುರಾಡಲಿಲ್ಲ. ಎದುರಾಡುವುದಾದರೂ ಹೇಗೆ? ಇಷ್ಟು ವರ್ಷ ಎಲ್ಲರ ಬಾಯಿ ಮುಚ್ಚಿಸಿದವರು ಜಯಂತಿಯವರೇ. ಆದರೂ ಹೇಳುತ್ತೇನೆ, ಒಬ್ಬ ಹೆಂಗಸು ಕಣ್ಣೀರು ಸುರಿಸಿಕೊಂಡು ಬಾಯಿ ತೆರೆದು ನಿಂತಿರುವಾಗ ಮೀನು ತುಂಬಿಕೊಂಡು ಹೋದವನ ಮೇಲೆ ಇದನ್ನು ಕೇಳಿದಾಗಿನಿಂದ ನನಗೆ ಸಿಟ್ಟಿದೆ.

ಜಯಂತಿ ಮುಖಕ್ಕೆ ಟವೆಲ್ ಮುಚ್ಚಿಕೊಂಡು ರಿಕ್ಷಾದಲ್ಲಿ ಕಾರವಾರಕ್ಕೆ ಹೋದರು. ದಾರಿಯುದ್ದಕ್ಕೂ ಜೊಲ್ಲು. ದಂತವೈದ್ಯೆ ಹರಿಣಿ ಹೆಗಡೆ ಕೆಳಗಿನ ಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು, ಒತ್ತಿ, ಹಿಂದಕ್ಕೆ ತಳ್ಳಿ ದವಡೆಯನ್ನು ಕೂರಿಸಿದರು. "ಬಾಯಿ ಕೂತ ಕೂಡ್ಲೆ ಅಯ್ಯೋ ಭಾಸ್ಕರಾ ಅಂದೆ. ನೋವು ಅಂತ ಹೇಳೂಕೂ ನೆನಪಾಗ್ಲಿಲ್ಲ," ಅನ್ನುತ್ತಾರೆ ಜಯಂತಿ.

ಕೀಲು ಹಾಳಾಗಿದ್ದು ಒಂದೇ ದಿನಕ್ಕಲ್ಲ. ಕಟ್ ಕಟ್ ಸದ್ದು ವರ್ಷಗಳಿಂದ ಇತ್ತು. ಎಡಬದಿಯ ಅರೆಯುವ ಹಲ್ಲುಗಳು ಹೋಗಿ ಎಲ್ಲ ಅಗಿತವೂ ಬಲಕ್ಕೇ ಬಿದ್ದಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಬೇರೆ. ಕಿವಿನೋವೆಂದು ಎಣ್ಣೆ ಬಿಟ್ಟರು, ತಲೆನೋವೆಂದು ಗುಳಿಗೆ ನುಂಗಿದರು. ಇವೆಲ್ಲಕ್ಕಿಂತ ದೊಡ್ಡ ಎಡವಟ್ಟೆಂದರೆ, ಬಿಗಿದ ಕೀಲು ಅಗಿದರೆ ಸಡಿಲಾಗುತ್ತದೆ ಎಂದು ಯಾರೋ ಹೇಳಿದ್ದು ಕೇಳಿ ದಿನಾ ಒಣಕೊಬ್ಬರಿ ಅಗಿದರು. "ಹಗ್ಗ ಬಿಗಿದ್ರೆ ಎಳೆದೆಳೆದು ಸಡ್ಲ ಮಾಡೂದಿಲ್ವ? ಹಂಗೇ ಅಂದ್ಕಂಡೆ."

ಹರಿಣಿಯವರು ಹೇಳುವುದು ಇದಕ್ಕೆ ಉಲ್ಟಾ. "ಕೀಲಿನ ನಡುವೆ ಒಂದು ಮೆತ್ತೆ ಇರ್ತದೆ, ಅದು ಜಾರ್ತಾ ಇದೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗೂದೇ ಇಲ್ಲ. ಬಿಸಿ ಕಾವು, ಮೆತ್ತಗಿನ ಊಟ, ಸಣ್ಣ ವ್ಯಾಯಾಮ, ರಾತ್ರಿ ಹಲ್ಲಿಗೊಂದು ಕವಚ, ಎಲ್ಲಕ್ಕಿಂತ ಮುಖ್ಯ ವಿಶ್ರಾಂತಿ. ಉಳಿದವರಿಗೆ ನಾನು ದವಡೆಗೆ ರಜೆ ಕೊಡಿ ಅಂತೇನೆ. ಇವರ ದವಡೆಯೇ ಕೆಲಸಕ್ಕೆ ಹೋಗ್ತದಲ್ಲ, ಏನು ಹೇಳೋಣ?"

ಹೇಳಿದ್ದರಲ್ಲಿ ಆಗುವುದನ್ನೆಲ್ಲ ಜಯಂತಿ ಮಾಡುತ್ತಾರೆ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಡುತ್ತಾರೆ. ತುಟಿ ಕೂಡಿರಲಿ, ಹಲ್ಲು ಕೂಡದಿರಲಿ, ನಾಲಿಗೆ ಅಂಗುಳಕ್ಕೆ ಅಂಟಿರಲಿ ಎಂಬ ಪಾಠವನ್ನು ದಿನವಿಡೀ ನೆನಪಿಟ್ಟುಕೊಳ್ಳುತ್ತಾರೆ. ಮಲಗುವಾಗ ಹಾಕುವ ಕವಚ ಮಾತ್ರ ಅವರಿಗೆ ಕಂಡರಾಗದು. "ಎತ್ತಿನ ಬಾಯಿಗೆ ಕುಕ್ಕೆ ಕಟ್ದ ಹಂಗೆ ಆಗ್ತದೆ," ಎಂದು ಬೈದುಕೊಂಡೇ ಹಾಕುತ್ತಾರೆ. ಮಾದೇವ ಗಂಜಿಯನ್ನು ಇನ್ನಷ್ಟು ಬೇಯಿಸಿ, ನೊಗಲಿ ಮೀನಿನ ಮುಳ್ಳು ಬಿಡಿಸಿ, ಕೈಯಲ್ಲೇ ನುರಿದು ತಟ್ಟೆಗೆ ಹಾಕುತ್ತಾರೆ. "ಮಕ್ಕಳಿಗೂ ನಾ ಇಷ್ಟು ಮಾಡ್ಲಿಲ್ಲ," ಎಂದು ಅವರು ನಗುತ್ತಾರೆ. ಜಯಂತಿ ನಗುವುದಿಲ್ಲ, ನಕ್ಕರೂ ನೋಯುತ್ತದೆ. ತಂಗಿಯ ಮಗಳು ರೂಪಾಲಿಯ ಮದುವೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಇವರು ಸೆರಗಿನಿಂದ ಗದ್ದ ಬಿಗಿದುಕೊಂಡು ಒಳಗೆ ಹೋಗಿ ಕೂತರಂತೆ.

ರಜೆಯನ್ನೂ ಒಮ್ಮೆ ಹಾಕಿ ನೋಡಿದರು. ಮನೆಯಲ್ಲಿ ಬಾಯಿ ಮುಚ್ಚಿ ಕೂತಿದ್ದಾಗ ನೋವು ನಿಜಕ್ಕೂ ಇಳಿಯಿತು. ಆದರೆ ಕೂಗುವವರಿಲ್ಲದೆ ದೋಣಿಯವರು ಮೀನನ್ನು ನೇರ ಅಂಕೋಲೆಗೆ ಸಾಗಿಸತೊಡಗಿದರು. ಇನ್ನು ಸ್ವಲ್ಪ ತಡೆದರೆ ಧಕ್ಕೆಯೇ ತನ್ನನ್ನು ಮರೆಯುತ್ತದೆಂದು ಹೆದರಿ, ಕೀಲು ಗುಣವಾಗುವ ಮೊದಲೇ ಎದ್ದು ಬಂದರು. ಯಾರೋ ಪುಣ್ಯಾತ್ಮರು ಮೈಕು ಕೊಡಿಸುವ ಮಾತಾಡಿದರು. ಮೈಕು ದನಿಯನ್ನು ದೊಡ್ಡದು ಮಾಡೀತು, ದವಡೆಯನ್ನು ಅದೇ ಆಡಿಸುತ್ತದೆಯೇ?

ಇವತ್ತು ಬೆಳಿಗ್ಗೆ ಕೊನೆಗೆ ಬಂದದ್ದು ಭಾಸ್ಕರನ ಬಂಗಡೆ. ಒಳ್ಳೆಯ ಮಾಲು, ಕೊಳ್ಳುವವರಲ್ಲಿ ಪೈಪೋಟಿ. ದರ ಸರಸರ ಏರುತ್ತಿರುವಾಗಲೇ ಕೂಗು ಪಕ್ಕನೆ ನಿಲ್ಲುತ್ತದೆ. ಮೇಲೆದ್ದ ಕೈಗಳು ಇನ್ನೂ ಮೇಲೇ ಇವೆ. ಮೀನು ಹೋಯಿತು. ಬಾಯಿ ಮತ್ತೆ ಸಿಕ್ಕಿಕೊಂಡಿತೇನೋ ಎಂದು ನಾನು ಗಾಬರಿಯಿಂದ ಜಯಂತಿಯವರ ಮುಖ ನೋಡುತ್ತೇನೆ. ಇಲ್ಲ, ಬಾಯಿ ಸರಿಯಾಗಿಯೇ ಮುಚ್ಚಿದೆ. ಭಾಸ್ಕರ ಖಾಲಿ ಬುಟ್ಟಿ ಎತ್ತಿಕೊಳ್ಳುತ್ತಾನೆ.

ಜನ ಚದುರಿದ ಮೇಲೆ ಜಯಂತಿ ಬಾಟಲಿಯನ್ನು ಮತ್ತೆ ಕೆನ್ನೆಗೆ ಒತ್ತಿಕೊಂಡು ಕೂರುತ್ತಾರೆ. ಅಷ್ಟು ಬೇಗ ಯಾಕೆ ನಿಲ್ಲಿಸಿದಿರಿ ಎಂದು ಕೇಳುತ್ತೇನೆ.

"ಹೆದ್ರಿಕೆ," ಅನ್ನುತ್ತಾರೆ. "ದರ ಮೇಲೆ ಹೋದ ಹಂಗೆ ಬಾಯಿ ದೊಡ್ಡ ಆಗ್ತದೆ. ಈಗ ಸಿಕ್ಕೊಂತದೆ, ಈಗ ಸಿಕ್ಕೊಂತದೆ ಅನ್ನಿಸ್ತದೆ. ಸಿಕ್ಕೊಳ್ಳೂಕೆ ಮೊದ್ಲೇ ನಾನೇ ಬಿಟ್ಟುಬಿಡ್ತೆ. ಇವತ್ತು ಒಂದಿನ ಅಲ್ಲ."

ಹೇಳಿದವರೇ ಎದ್ದು ನಿಂತು ಭಾಸ್ಕರನನ್ನು ಕರೆಯುತ್ತಾರೆ. "ಭಾಸ್ಕರಾ, ಇಲ್ಲಿ ಬಾ. ಇವ್ರು ಪೇಪರಿನವ್ರು, ಇವ್ರ ಎದ್ರಿಗೇ ಹೇಳ್ತೆ. ನಿನ್ನ ಮೀನು ಇನ್ನೂ ಏರ್ತಿತ್ತು. ನಾನೇ ನಿಲ್ಲಿಸ್ದೆ. ಸುಮಾರು ದಿವ್ಸದಿಂದ ಹಿಂಗೇ ಮಾಡ್ತೆ ಇದ್ದೆ."

ಭಾಸ್ಕರ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾನೆ. ಅವನ ಕಣ್ಣು ನೆಲದ ಮೇಲಿದೆ.

"ಗೊತ್ತದೆ ಜಯಂತಕ್ಕ."

"ಗೊತ್ತಿತ್ತ? ಗೊತ್ತಿದ್ದೂ ಕೂಗೂಕೆ ನಂಗೇ ಕೊಟ್ಯ?"

"ಮತ್ತೆಂತ ಮಾಡೂದು? ನಿಮ್ಗೆ ಬೇರೆ ಎಂತದೆ?"

ಜಯಂತಿಯವರ ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಗದ್ದಕ್ಕೆ ಕೈ ಕೊಡದೆ, ಒಂದೊಂದೇ ಪದವನ್ನು ಬಿಡಿಸಿ ಹೇಳುತ್ತಾರೆ:

"ಹಂಗಾರೆ ನಾಳೆಯಿಂದ ಕೊಡ್ಬೇಡ, ತಮಾ. ಧರ್ಮಕ್ಕೆ ಕೊಟ್ಟ ಮೀನು ಕೂಗೂಕೆ ನಂಗೆ ಬರೂದಿಲ್ಲ."