ತಪ್ಪು ಉತ್ತರದ ದನಿ

ಘೋಣಸಗಿಯ ಶಾಲೆಯಲ್ಲಿ ಹದಿನಾರು ವರ್ಷ ಗಣಿತ ಕಲಿಸಿದ ಮೇಲೆ ನನ್ನ ಗಂಟಲು ಕೈಕೊಟ್ಟಿತು. ಆಪರೇಷನ್ ಆಗಲೇಬೇಕು, ಆಮೇಲೆ ಪಿಸುಮಾತಿಗಿಂತ ದೊಡ್ಡ ದನಿ ಬರಲಿಕ್ಕಿಲ್ಲ ಎಂದು ವೈದ್ಯರು ಮೊದಲೇ ಹೇಳಿಬಿಟ್ಟರು. ಇನ್ನು ತರಗತಿ ಎಲ್ಲಿಯದು? ಮಕ್ಕಳು ಟ್ಯಾಬಿನಲ್ಲಿ ಒತ್ತಿ ಒತ್ತಿ ಕಲಿಯುವ ಸ್ಲೈಡ್ ಪಾಠಗಳನ್ನು ತಯಾರಿಸುವ ಕೆಲಸಕ್ಕೆ ಶಿಕ್ಷಣ ಇಲಾಖೆಯವರು ನನ್ನನ್ನು ವಿಜಯಪುರದ ಕಚೇರಿಗೆ ಕರೆಸಿಕೊಂಡರು. ಅಲ್ಲಿನ ಇಬ್ರಾಹಿಂಪುರ ಬಡಾವಣೆಯಲ್ಲಿ, ರೈಲು ಹಳಿಯ ಹತ್ತಿರ, ಒಂದು ಕೋಣೆ ಹಿಡಿದೆ.

ಮೊದಲ ಪಾಠವನ್ನು ಮಾತ್ರ ಆಪರೇಷನ್‌ಗೆ ಮುಂಚೆ ಮುಗಿಸಿದ್ದೆ. ಭಿನ್ನರಾಶಿ. ಪರದೆಯ ಮೇಲೆ ಜೋಳದ ರೊಟ್ಟಿಗಳು ಬರುತ್ತವೆ: ಇಡೀ, ಅರ್ಧ, ಕಾಲು. ಕೇಳಿದ್ದನ್ನು ಸರಿಯಾಗಿ ಒತ್ತಿದರೆ ಚಪ್ಪಾಳೆ. ತಪ್ಪಿದರೆ ನನ್ನ ದನಿ: "ಹೋಗ್ಲಿ ಬಿಡ ಯಪ್ಪಾ, ಮತ್ತೊಮ್ಮಿ ನೋಡು." ಸರಿ ಮಾಡಿದವರಿಗೆ ಟೀಚರ್ ಯಾಕೆ, ತಪ್ಪಿದವರಿಗೇ ಬೇಕು ಎನ್ನುವುದು ನನ್ನ ಹಳೆಯ ಹಟ. ಬೇರೆ ಮಾತುಗಳನ್ನು ರೆಕಾರ್ಡ್ ಮಾಡುವಷ್ಟರಲ್ಲಿ ದನಿಯೇ ಹೋಯಿತು.

ಆಮೇಲಿನ ದಿನಗಳನ್ನು ಹೇಳಿ ಪ್ರಯೋಜನವಿಲ್ಲ. ಹಿಂದಿನ ಬೆಂಚಿಗೂ ಕೇಳುವಂತೆ ಬೈಯುತ್ತಿದ್ದವಳು ನಾನು. ಈಗ ಓಣಿಗೆ ಬರುವ ತರಕಾರಿಯವಳು ಕೂಡ ನಾನು ಕರೆದದ್ದು ಕೇಳಿಸದೆ ಮುಂದೆ ಹೋಗುತ್ತಿದ್ದಳು. ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಕೂತು ರೊಟ್ಟಿ ಕತ್ತರಿಸುವುದು, ಬಟನ್ ಜೋಡಿಸುವುದು. ಅಳು ಬಂದರೆ ಅದಕ್ಕೂ ಸದ್ದಿರಲಿಲ್ಲ. ನಾನಿನ್ನೂ ಟೀಚರ್ ಎನ್ನಲು ನನಗೆ ಉಳಿದಿದ್ದದ್ದು ಆ ಪಾಠಗಳಷ್ಟೇ.

ಹಾಗಿರುವಾಗ ಶಾಲೆಗಳಿಂದ ಉತ್ತರಗಳ ಪಟ್ಟಿ ಬಂತು. ಬಬಲೇಶ್ವರದಲ್ಲಿ ಮಕ್ಕಳು ಪಟಪಟ ಸರಿ ಒತ್ತಿದ್ದರು. ಘೋಣಸಗಿಯಲ್ಲಿ ಮಾತ್ರ ತಪ್ಪಿನ ಮೇಲೆ ತಪ್ಪು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ನಾನು ಮಾರು ಗೆದ್ದು ಮನೆ ಸೋತಿದ್ದೆ. ಪಾಠ ಬದಲಿಸಿ, ಇಲ್ಲವೇ ನಿಲ್ಲಿಸಿ ಎಂದು ಕಚೇರಿಯವರು ಹೇಳಿದರು. ಸಿಟ್ಟು ನೆತ್ತಿಗೇರಿತು. ಮರುದಿನವೇ ಟಿಕೋಟಾ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಘೋಣಸಗಿಗೆ ಹೋದೆ.

ಶಾಲೆಯ ಕಟ್ಟೆಯ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಟ್ಯಾಬ್ ಹಿಡಿದು ಕೂತಿದ್ದಳು. ಕಾಲು ರೊಟ್ಟಿ ಕೇಳಿದರೆ ಇಡೀ ರೊಟ್ಟಿ ಒತ್ತಿದಳು. ಮತ್ತೆ ಅದನ್ನೇ ಒತ್ತಿದಳು. ಕಾಲು ಯಾವುದು ಗೊತ್ತಿಲ್ಲವೇ ಎಂದು ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದೆ.

"ಗೊತ್ತೈತ್ರಿ ಅಕ್ಕೋರ, ಕಾಲು ಇದು," ಎಂದು ಸರಿಯಾಗಿ ತೋರಿಸಿದಳು. "ಅದನ್ನ ಒತ್ತಿದ್ರ ಬರೇ ಚಪ್ಪಾಳಿ ಬರ್ತೈತಿ. ತಪ್ಪ ಒತ್ತಿದ್ರ ನೀವು ಮಾತಾಡ್ತೀರಿ. ಎಲ್ಲಾರೂ ಹಂಗ ಮಾಡಾಕತ್ತೇವ್ರಿ."

ಆಮೇಲೆ ನನ್ನ ಸೀರೆಯ ಸೆರಗು ಜಗ್ಗಿದಳು. "ನೀವ ಬಂದೀರಲ್ರಿ, ಒಂದ ಸಲ ಹಂಗ ಅನ್ರೀ."

ಬಾಯಿ ತೆರೆದೆ. ಬರೀ ಗಾಳಿ ಬಂತು, ಆ ದನಿ ಬರಲಿಲ್ಲ. ಹುಡುಗಿ ನನ್ನ ಬಾಯನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ಮತ್ತೆ ಇಡೀ ರೊಟ್ಟಿ ಒತ್ತಿದಳು.

ವಿಜಯಪುರಕ್ಕೆ ಮರಳಿದವಳೇ ಪಾಠದಿಂದ ಆ ದನಿ ಕಿತ್ತು, 'ಮತ್ತೊಮ್ಮೆ ಪ್ರಯತ್ನಿಸಿ' ಎಂದು ಕೆಂಪಕ್ಷರ ಹಾಕಿದೆ. ಮಕ್ಕಳು ನನಗಾಗಿ ತಪ್ಪುತ್ತಾ ಕೂರಬಾರದು. ಮುಂದಿನ ಪಟ್ಟಿಯಲ್ಲಿ ಘೋಣಸಗಿಯ ಉತ್ತರಗಳೆಲ್ಲ ಸರಿ ಇದ್ದವು. ಕಚೇರಿಯವರು ಹೊಗಳಿದರು.

ದನಿಯಿರುವ ಹಳೆಯ ಪಾಠವನ್ನು ಮಾತ್ರ ನನ್ನ ಲ್ಯಾಪ್‌ಟಾಪಿನಿಂದ ಅಳಿಸಿಲ್ಲ. ಸಂಜೆಯ ರೈಲು ಹೋಗಿ ಓಣಿ ಸುಮ್ಮನಾದ ಮೇಲೆ ಅದನ್ನು ತೆರೆಯುತ್ತೇನೆ. ಕಾಲು ರೊಟ್ಟಿ ಕೇಳುತ್ತದೆ. ಇಡೀ ರೊಟ್ಟಿ ಒತ್ತುತ್ತೇನೆ.